ಬಾಲ ಜೋತುಬಿದ್ದ ಮೇಲೆ

ಶಿರಸಿ ಸುತ್ತಮುತ್ತ ದನದ ಡಾಕ್ಟರಾಗಿ ತಿರುಗುವ ನನ್ನ ಚೀಲದಲ್ಲಿ ಎರಡು ಬಾಟಲಿ ಯಾವಾಗಲೂ ಇರುತ್ತವೆ. ಮರಗಟ್ಟಿಸುವ ಲಿಗ್ನೊಕೇನ್, ಮಂಪರು ಬರಿಸುವ ಕ್ಸೈಲಾಜಿನ್. ಎರಡೂ ಸ್ನಾಯುವನ್ನು ಸಡಿಲ ಮಾಡುತ್ತವೆ ಅಂತ ಓದಿಕೊಂಡು ಬಂದವನು ನಾನು. ಯಾವ ಸ್ನಾಯುವನ್ನು ಅನ್ನೋದು ಗೊತ್ತಾಗಿದ್ದು ಕೊಟ್ಟಿಗೆಯಲ್ಲಿ.

ಒಂದು ಮಳೆಗಾಲದ ರಾತ್ರಿ ಫೋನ್ ಬಂತು. ಕರು ಹಾಕಿದ ಜರ್ಸಿ ಕ್ರಾಸ್ ಹಸು, ಗರ್ಭಕೋಶ ಪೂರಾ ಹೊರಗೆ ಬಿದ್ದಿದೆ. ಹೋಗಿ ನೋಡಿದರೆ ಹಸು ತಿಣುಕುತ್ತಲೇ ಇತ್ತು. ಒಳಗೆ ತಳ್ಳಿದಷ್ಟೂ ಹೊರಗೆ ನೂಕುತ್ತದೆ. ಅದರ ಬಲದ ಮುಂದೆ ನಮ್ಮ ತೋಳು ಯಾವ ಲೆಕ್ಕ?

ಬಾಲವನ್ನು ಬೋರ್‌ವೆಲ್ ಹಿಡಿಕೆಯ ಹಾಗೆ ಮೇಲೆ ಕೆಳಗೆ ಆಡಿಸಿದೆ. ಬುಡದಲ್ಲಿ ಎರಡು ಮೂಳೆ ಅಲುಗುವ ಸಂದು ಬೆರಳಿಗೆ ಸಿಕ್ಕಿತು. ಕೂದಲು ಬೋಳಿಸಿ, ತೊಳೆದು ಸೂಜಿ ಇಳಿಸಿದೆ. ಸೂಜಿಯ ಬಾಯಲ್ಲಿ ಒಂದು ಹನಿ ಲಿಗ್ನೊಕೇನ್ ನಿಲ್ಲಿಸಿದ್ದೆ. ತುದಿ ಸರಿಯಾದ ಜಾಗ ಮುಟ್ಟಿದ ತಕ್ಷಣ ಆ ಹನಿ ಸರ್ ಅಂತ ಒಳಗೆ ಹೋಯಿತು. ಎಷ್ಟು ಸಲ ನೋಡಿದರೂ ನನಗೆ ಖುಷಿ ಕೊಡುವ ಗಳಿಗೆ ಅದು. ಶೇಕಡಾ 2ರ ದ್ರಾವಣ, 5 ಮಿಲಿ ಸಾಕು. ನಮ್ಮ ಮಲೆನಾಡು ಗಿಡ್ಡಕ್ಕಾದರೆ ಒಂದೂವರೆ, ಎರಡು. ಜಾಸ್ತಿ ಹಾಕಿದರೆ ಹಿಂಗಾಲು ಸೋತು ದನ ಕೂತುಬಿಡುತ್ತದೆ.

ಸ್ವಲ್ಪ ಹೊತ್ತಿಗೆ ಬಾಲ ಹಗ್ಗದ ಹಾಗೆ ಜೋತುಬಿತ್ತು. "ಬಾಲ ಸತ್ತೇ ಹೋಯ್ತಾ ಡಾಕ್ಟ್ರೇ?" ಅಂದರು ಮನೆಯ ಅಜ್ಜಿ. ಇಲ್ಲ ಅಮ್ಮ, ನರದಲ್ಲಿ ಸುದ್ದಿ ಹೋಗ್ತಾ ಇಲ್ಲ ಅಷ್ಟೆ ಅಂದೆ. ತಿಣುಕುವುದೂ ನಿಂತಿತ್ತು. ಹೊಟ್ಟೆಯ ಸ್ನಾಯುವಿಗೆ ಏನೂ ಆಗಿರಲಿಲ್ಲ. ಹಿಂದೆ ಏನೋ ಸಿಕ್ಕಿಕೊಂಡಿದೆ ಅನ್ನುವ ಸುದ್ದಿಯೇ ಮುಟ್ಟದಿದ್ದರೆ ಹಸು ಯಾಕೆ ತಿಣುಕುತ್ತದೆ, ಅಲ್ವಾ?

ಬಾತಿದ್ದ ಗರ್ಭಕೋಶದ ಮೇಲೆ ಅಜ್ಜಿಯ ಡಬ್ಬಿಯ ಸಕ್ಕರೆಯನ್ನೆಲ್ಲ ಸುರಿದು ನೀರು ಇಳಿಸಿ, ಮೆಲ್ಲಗೆ ಒಳಗೆ ಸೇರಿಸಿದೆ. ಆಮೇಲೆ ಗರ್ಭಕೋಶವನ್ನು ಬಿಗಿ ಮಾಡುವ ಆಕ್ಸಿಟೋಸಿನ್. ಬಾಲದ ಬುಡದ ಮದ್ದು ಗರ್ಭಕೋಶದ ಸ್ವಂತ ಸೆಳೆತವನ್ನು ತಡೆಯುವುದಿಲ್ಲ, ಹಾಗಾಗಿ ಅದು ಬಿಗಿದುಕೊಂಡಿತು. ಆಕ್ಸಿಟೋಸಿನ್ನನ್ನೇ ಮೊದಲು ಕೊಟ್ಟಿದ್ದರೆ ಬಿಗಿದ ಗರ್ಭಕೋಶವನ್ನು ಒಳಗೆ ಹಾಕಲು ಬೆಳಗಾಗುತ್ತಿತ್ತು.

ಚೀಲದಲ್ಲಿದ್ದ ಕ್ಸೈಲಾಜಿನ್ ಆ ರಾತ್ರಿ ಯಾಕೆ ಮುಟ್ಟಲಿಲ್ಲ ಅಂದರೆ, ಅದು ಕಾಲು, ಕುತ್ತಿಗೆಯ ಸ್ನಾಯು ಸಡಿಲ ಮಾಡಿದರೂ ಗರ್ಭಕೋಶವನ್ನು ಬಿಗಿ ಮಾಡುತ್ತದೆ. ದಿನ ತುಂಬಿದ ಗಬ್ಬದ ಹಸುವಿಗಂತೂ ನಾನು ಕೊಡುವುದೇ ಇಲ್ಲ. ಹೊಟ್ಟೆಯ ದೊಡ್ಡ ಚೀಲದ ಆಟವನ್ನೂ ಅದು ನಿಲ್ಲಿಸುತ್ತದೆ. ಹೊಸದರಲ್ಲಿ ಒಂದು ಹೋರಿಗೆ ಕೊಂಬು ಕತ್ತರಿಸಲು ಸುಮ್ನೆ ಚುಚ್ಚಿ ಎಡಮಗ್ಗುಲಿಗೆ ಮಲಗಿಸಿದ್ದೆ. ತೇಗು ಬರದೆ ಹೊಟ್ಟೆ ಡೋಲಿನ ಹಾಗೆ ಉಬ್ಬಿತು. ನಾಲ್ಕು ಜನ ಸೇರಿ ಹೋರಿಯನ್ನು ಎದೆ ನೆಲಕ್ಕೆ ತಾಗುವ ಹಾಗೆ ಕೂರಿಸಿದ ಮೇಲೆ ಗಾಳಿ ಹೋಯಿತು, ನನಗೂ ಉಸಿರು ಬಂತು. ಈಗ ಮೊದಲೇ ಮೇವು ನಿಲ್ಲಿಸಿರುತ್ತೇನೆ. ಕುದುರೆಯ ಡೋಸಿನ ಹತ್ತನೇ ಒಂದು ಪಾಲು ದನಕ್ಕೆ ಸಾಕು ಅನ್ನೋದೂ ನೆನಪಿರುತ್ತದೆ.

ಆ ರಾತ್ರಿ ಹೊಲಿಗೆ ಹಾಕಿ, ಕೈ ತೊಳೆದು, ಅಜ್ಜಿ ಕೊಟ್ಟ ಕಷಾಯ ಕುಡಿದೆ. ಬಾಲ ಇನ್ನೂ ಜೋತೇ ಇತ್ತು. ಅದು ನೊಣ ಹೊಡೆಯಲು ಶುರು ಮಾಡುವ ತನಕ ಹಸುವನ್ನು ಜಾರುವ ಅಂಗಳಕ್ಕೆ ಇಳಿಸಬೇಡಿ ಅಂತ ಹೇಳಿ ಬೈಕ್ ಹತ್ತಿದೆ.