ಡೇಟಿಂಗ್ ಇಂಗ್ಲಿಷ್: 'ಐ ಆಮ್ ಲವಿಂಗ್ ಯು' ಅನ್ನುವ ಮೊದಲು

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ, ಒಂದು ಮಹಡಿಯ ಮೇಲೆ ಸ್ಪೋಕನ್ ಇಂಗ್ಲಿಷ್ ಹೇಳಿಕೊಡುತ್ತೇನೆ. 'ಯಾಕೆ ಕಲಿಯುತ್ತೀರಿ' ಎಂಬ ಕಾಲಮ್ಮಿನಲ್ಲಿ ಎಲ್ಲರೂ ಬರೆಯುವುದು 'ಇಂಟರ್‌ವ್ಯೂ'. ಕ್ಲಾಸ್ ಬಿಟ್ಟ ಮೇಲೆ ಒಬ್ಬರು ಮಾತ್ರ ಹಿಂದೆ ಉಳಿದು, ಫೋನ್ ಮುಂದೆ ಹಿಡಿದು, 'ಸರ್, ಇದಕ್ಕ ಏನಂತ ರಿಪ್ಲೈ ಹಾಕ್ಲಿ?' ಅಂದಾಗ ಅಸಲಿ ಕಾರಣ ಗೊತ್ತಾಗುತ್ತದೆ. ಪುಣೆ, ಹೈದರಾಬಾದ್, ಬೆಂಗಳೂರಿಗೆ ಕೆಲಸಕ್ಕೆ ಹೋದ ನಮ್ಮ ಹುಡುಗ ಹುಡುಗಿಯರಿಗೆ ಮನಸ್ಸಿಗೆ ಹಿಡಿಸಿದವರು ಮಲಯಾಳಿಯೋ ಬಂಗಾಳಿಯೋ ಆಗಿರುತ್ತಾರೆ. ಅವರ ಹತ್ತಿರ ಕನ್ನಡವೂ ನಡೆಯದು, ನಮ್ಮ ದಖನಿ ಉರ್ದುವೂ ನಡೆಯದು. ಹತ್ತು ವರ್ಷದಿಂದ ಆ ಫೋನುಗಳನ್ನು ಓದಿ ಓದಿ ಬೇಸತ್ತು ಇದನ್ನು ಬರೆಯುತ್ತಿದ್ದೇನೆ.

ಹಂತ 1: ನೋಟ್‌ಬುಕ್

ನಲವತ್ತು ಪುಟದ ನೋಟ್‌ಬುಕ್ ಸಾಕು. ಬಸ್ ಸ್ಟ್ಯಾಂಡಿನಲ್ಲಿ ಸಿಗುವ '30 ದಿನದಲ್ಲಿ ಇಂಗ್ಲಿಷ್' ಪುಸ್ತಕ ಬೇಡ. ಅದರಲ್ಲಿ ಪೋಸ್ಟ್ ಮಾಸ್ಟರಿಗೆ ಪತ್ರ ಬರೆಯುವುದು ಇರುತ್ತದೆ, ನಿಮಗೆ ಬೇಕಾದದ್ದು ಇರುವುದಿಲ್ಲ. ಹತ್ತು ಹದಿನೈದು ಪದ ಬರೆದುಕೊಳ್ಳಿ, ಪಕ್ಕದಲ್ಲಿ ನಿಘಂಟಿನ ಅರ್ಥ ಬೇಡ, ನೀವು ಆಡುವ ಮಾತೇ ಇರಲಿ. 'ಕ್ರಶ್' ಎಂದರೆ ಒಳಗೊಳಗೇ ಮನಸ್ಸಾಗಿರುವುದು, ಎದುರಿನವರಿಗೆ ಗೊತ್ತಿರಬೇಕೆಂದಿಲ್ಲ. 'ಫ್ಲರ್ಟ್' ಇಬ್ಬರೂ ಆಡುವ ಆಟ. ಒಬ್ಬರೇ ಆಡಿದರೆ ಅದು 'ಹಿಟ್ ಆನ್', ಅಂದರೆ ನಮ್ಮ 'ಲೈನ್ ಹೊಡಿಯೋದು'. 'ಆಸ್ಕ್ ಔಟ್' ಎಂದರೆ ಭೇಟಿಗೆ ಕರೆಯುವುದು. 'ಐ ಆಮ್ ಸೀಯಿಂಗ್ ಸಮ್‌ವನ್' ಎಂದರೆ 'ಯಾರನ್ನೋ ನೋಡುತ್ತಿದ್ದೇನೆ' ಅಂತಲ್ಲ, 'ನನಗೆ ಜೊತೆಗಾರರಿದ್ದಾರೆ' ಅಂತ. ಇದನ್ನು ಕೇಳಿ 'ವೇರ್?' ಅಂತ ಹಿಂದೆ ತಿರುಗಿ ನೋಡಿದ ಪುಣ್ಯಾತ್ಮ ನನ್ನ ವಿದ್ಯಾರ್ಥಿಯೇ.

'ಪ್ರಪೋಸ್' ಪದಕ್ಕೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆಯಿರಿ. ನಮ್ಮಲ್ಲಿ ಪ್ರೀತಿ ಹೇಳಿಕೊಂಡರೆ ಪ್ರಪೋಸ್. ಇಂಗ್ಲಿಷ್ ಮನೆಮಾತಿನವರಿಗೆ ಅದು ಮದುವೆಗೆ ಕೇಳುವುದು, ಉಂಗುರದ ಸಮೇತ. ಮೂರು ದಿನದ ಪರಿಚಯಕ್ಕೆ 'ಐ ವಾಂಟ್ ಟು ಪ್ರಪೋಸ್ ಯು' ಅಂದರೆ ಅವರು ಓಡದೆ ಏನು ಮಾಡಿಯಾರು?

ಹಂತ 2: ಕಳೆ ಕೀಳುವುದು

'ವಾಟ್ ಈಸ್ ಯುವರ್ ಗುಡ್ ನೇಮ್', 'ಡಿಯರ್', 'ವಿಲ್ ಯು ಮೇಕ್ ಫ್ರೆಂಡ್‌ಶಿಪ್ ವಿತ್ ಮಿ' ಮೂರನ್ನೂ ಇವತ್ತೇ ಬಿಡಿ. ಹಾಗೇ 'ಐ ಆಮ್ ಲವಿಂಗ್ ಯು', 'ಐ ಆಮ್ ಲೈಕಿಂಗ್ ಯುವರ್ ಸ್ಮೈಲ್'. ನಾವು 'ಊಟ ಮಾಡ್ಲಾಕತ್ತೀನಿ' ಅನ್ನುವ ಅಚ್ಚಿನಲ್ಲೇ ಪ್ರೀತಿಯನ್ನೂ ಎರಕ ಹೊಯ್ಯುತ್ತೇವೆ. ಊಟ ಮುಗಿಯುವ ಕೆಲಸ, ಅದಕ್ಕೆ 'ಇಂಗ್' ಒಪ್ಪುತ್ತದೆ. ಲೈಕ್, ಲವ್, ನೋ, ವಾಂಟ್ ಮನಸ್ಸಿನಲ್ಲಿ ನಿಂತಿರುವ ಸ್ಥಿತಿಗಳು, ಅವಕ್ಕೆ ಸಾಮಾನ್ಯವಾಗಿ ಬಾಲ ಇಲ್ಲ.

ಹಂತ 3: ಹೊಗಳುವುದು

ಅವರು ತಾವೇ ಆರಿಸಿಕೊಂಡ ಒಂದು ವಸ್ತುವನ್ನು ಹೊಗಳಿ, ಮೈಯನ್ನು ಬೇಡ. 'ದಟ್ ಕಲರ್ ಸೂಟ್ಸ್ ಯು.' ಮುಗಿಯಿತು.

ಹಂತ 4: ಕೇಳುವುದು

ನೂರಕ್ಕೆ ತೊಂಬತ್ತು ಮಂದಿ ಬೀಳುವುದು ಇಲ್ಲೇ. ಕನ್ನಡದಲ್ಲಿ 'ನೀವು' ಹೋಗಿ 'ನೀನು' ಬಂದ ದಿನವೇ ಒಂದು ಘಟನೆ, ಬೇರೇನೂ ಹೇಳಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ 'ಯು'. ಆ ಮೆತ್ತಗಿನ ಧ್ವನಿಯನ್ನು ಅಲ್ಲಿ ಹೊರುವುದು ವುಡ್, ಇಫ್, ಮೇಬಿ ಎಂಬ ಚಿಲ್ಲರೆ ಪದಗಳು. ನಮ್ಮವರು ಚಿಲ್ಲರೆ ಬಿಟ್ಟು ನೋಟು ಎಸೆಯುತ್ತಾರೆ: 'ಸಂಡೇ ಯು ಕಮ್ ಫಾರ್ ಕಾಫಿ'. ಇದು ಕರೆಯಲ್ಲ, ಸಮನ್ಸ್.

ಈ ವಾಕ್ಯ ಬರೆದುಕೊಳ್ಳಿ: 'ಐ ವಾಸ್ ವಂಡರಿಂಗ್ ಇಫ್ ಯು ವುಡ್ ಲೈಕ್ ಟು ಗೆಟ್ ಎ ಕಾಫಿ ಸಮ್‌ಟೈಮ್.' ಅಂದರೆ 'ಯಾವಾಗಲಾದರೂ ಒಂದು ಕಾಫಿಗೆ ಬರುತ್ತೀರೇನೋ ಅಂತ ಯೋಚಿಸುತ್ತಿದ್ದೆ'. ಇದಕ್ಕೆ ಮೊದಲ ಪ್ರಶ್ನೆ ಯಾವಾಗಲೂ ಒಂದೇ: 'ಸರ್, ಈಗ ಕೇಳ್ಲಾಕತ್ತೀನಿ, ವಾಸ್ ಯಾಕ?' ನೀವು ಪಕ್ಕದ ಮನೆಗೆ ಹೋಗಿ 'ನಿಮ್ ಕಡಿ ಒಂದ್ ಕೆಲ್ಸ ಇತ್ತರಿ' ಅನ್ನುವುದಿಲ್ಲವೇ? ಕೆಲಸ ಇನ್ನೂ ಇದೆ, 'ಅದ' ಅನ್ನುವ ಬದಲು 'ಇತ್ತು' ಅಂದಿರಿ. ಬೇಡ ಅನ್ನಲು ಎದುರಿನವರಿಗೆ ಜಾಗ ಬಿಟ್ಟಿರಿ. ಇಂಗ್ಲಿಷಿನ 'ವಾಸ್' ಮಾಡುವುದೂ ಅದನ್ನೇ. ಇಷ್ಟು ಹೇಳಿದರೆ ವ್ಯಾಕರಣದ ಪುಸ್ತಕವಿಲ್ಲದೆ ವಾಕ್ಯ ನಾಲಿಗೆಗೆ ಹತ್ತುತ್ತದೆ.

ಟೈಪ್ ಮಾಡುವಾಗ ಕಾಲು ಜಾರಿ ಬೀಳುವ ಎರಡು ಗುಂಡಿಗಳಿವೆ. 'ವಂಡರಿಂಗ್' ಸ್ಪೆಲ್ಲಿಂಗಿನಲ್ಲಿ ಓ ಬದಲು ಎ ಬಿದ್ದರೆ 'ನಾನು ಅಲೆದಾಡುತ್ತಿದ್ದೆ' ಎಂದಾಗುತ್ತದೆ. 'ಸಮ್‌ಟೈಮ್' ಕೂಡಿಸಿ ಬರೆದರೆ ಯಾವಾಗಲಾದರೂ, ಬಿಡಿಸಿ ಬರೆದರೆ ಸ್ವಲ್ಪ ಹೊತ್ತು. ಮಾತಾಡುವಾಗ ನಮ್ಮ ಕಡೆಯ 'ಇಸ್ಮೈಲ್', 'ಇಸ್ಪೆಷಲ್' ಜೋಪಾನ. ಅದಕ್ಕೆ ಮದ್ದು: ಹಾವಿನಂತೆ 'ಸ್ಸ್' ಎಳೆದು ಆಮೇಲೆ ಪದ ಹಿಡಿಯುವುದು. ಸಂಜೆ ಅಪ್ಪನ ಕೆರೆ ಸುತ್ತ ನಡೆಯುತ್ತ ಹತ್ತು ಸಲ ಹೇಳಿ. ಇಯರ್‌ಫೋನ್ ಹಾಕಿಕೊಂಡಿದ್ದರೆ ಫೋನಿನಲ್ಲಿದ್ದಾನೆ ಅಂದುಕೊಳ್ಳುತ್ತಾರೆ.

ಅಡ್ಡದಾರಿಯ ಬಗ್ಗೆ ಒಂದು ಮಾತು. ಅನುವಾದದ ಆ್ಯಪಿಗೆ 'ನಿನ್ನ ಮ್ಯಾಲ ಮನಸ್ಸಾಗ್ಯಾದ' ಅಂತ ಹಾಕಿ, ಬಂದದ್ದನ್ನು ಓದದೇ ಕಳಿಸುವವರಿದ್ದಾರೆ. ಈಗೀಗ ಎಐಗೆ ಹೇಳಿ ಬರೆಸುವವರೂ ಇದ್ದಾರೆ. ಚಾಟಿನಲ್ಲಿ ಕವಿ, ಎದುರಿಗೆ ಕೂತಾಗ 'ಯೆಸ್', 'ನೋ', 'ಓಕೆ'. ಬಾಯಲ್ಲಿ ಹೇಳಲಾಗದ ಒಂದು ಸಾಲನ್ನೂ ಕಳಿಸಬೇಡಿ, ಇದು ನನ್ನ ಕಾನೂನು. ರೆಡಿಮೇಡ್ ಪಿಕಪ್ ಲೈನುಗಳೂ, ಅಂದರೆ ಮನಸ್ಸು ಗೆಲ್ಲಲೆಂದು ಯಾರೋ ಬರೆದಿಟ್ಟ ಸಾಲುಗಳೂ, ಹಾಗೇ. ಎದುರಿನವರು ಅದನ್ನು ನಿಮಗಿಂತ ಮೊದಲೇ ಓದಿರುತ್ತಾರೆ.

ಇನ್ನೊಂದು ಅಪಾಯ ನಮ್ಮ ಒಳ್ಳೆಯತನದಿಂದಲೇ ಬರುತ್ತದೆ. 'ಮನೀಗಿ ಬರ್ರಿ, ಚಾ ಕುಡ್ದು ಹೋಗ್ರಿ' ಎನ್ನದಿದ್ದರೆ ಕಲಬುರಗಿಯಲ್ಲಿ ಮರ್ಯಾದೆಯೇ ಇಲ್ಲ. ಒಬ್ಬ ಹುಡುಗ ಮೊದಲ ಭೇಟಿ ಮುಗಿಸಿ, ರಾತ್ರಿ ಒಂಬತ್ತೂವರೆಗೆ, ಇದನ್ನೇ ಇಂಗ್ಲಿಷಿಗೆ ಇಳಿಸಿದ: 'ಡು ಯು ವಾಂಟ್ ಟು ಕಮ್ ಟು ಮೈ ಪ್ಲೇಸ್?' ಅವನ ತಲೆಯಲ್ಲಿದ್ದದ್ದು ಅಮ್ಮ ಕಟ್ಟಿ ಕಳಿಸಿದ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ. ಆಕೆಗೆ ಕೇಳಿಸಿದ್ದೇ ಬೇರೆ. ಆ ಹೊತ್ತಿನಲ್ಲಿ ಆ ವಾಕ್ಯಕ್ಕೆ ಡೇಟಿಂಗ್ ಇಂಗ್ಲಿಷಿನಲ್ಲಿ ಮಲಗುವ ಕೋಣೆಯ ವಾಸನೆ ಇದೆ. ಆಕೆ ಆಟೊ ಹತ್ತಿದಳು, ನಂಬರ್ ಬ್ಲಾಕ್ ಆಯಿತು, ಹಿಂಡಿ ಡಬ್ಬಿಯಲ್ಲೇ ಉಳಿಯಿತು.

ಹಂತ 5: ಉತ್ತರ ಓದುವುದು

ಇಂಗ್ಲಿಷಿನ 'ನೋ' ಸಕ್ಕರೆಯಲ್ಲಿ ಅದ್ದಿಕೊಂಡು ಬರುತ್ತದೆ. 'ಐ ವುಡ್ ಲವ್ ಟು, ಬಟ್' ಅಂದರೆ 'ಬಟ್'ವರೆಗಿನದು ಬರೀ ಸಕ್ಕರೆ. 'ಮೇಬಿ ಸಮ್ ಅದರ್ ಟೈಮ್' ನಮ್ಮ 'ನೋಡಮ್ ತಗೋರಿ'ಯ ಅಣ್ಣ. ಪರೀಕ್ಷೆ ಸುಲಭ: 'ಶನಿವಾರ ಆಗಲ್ಲ, ಭಾನುವಾರ?' ಎಂದು ಅವರೇ ಬೇರೆ ದಿನ ಹೇಳಿದರೆ ಆಸೆ ಇದೆ. ಹೇಳಲಿಲ್ಲವೇ, ಬೇಡ ಎಂದರ್ಥ. 'ನೋ ವರೀಸ್' ಎಂದು ಬರೆದು ಫೋನ್ ಜೇಬಿಗಿಡಿ. ಉತ್ತರವೇ ನಿಂತರೆ ಅದಕ್ಕೆ 'ಘೋಸ್ಟಿಂಗ್' ಎನ್ನುತ್ತಾರೆ, ಮೇಲೆ ಮೂರು ಪ್ರಶ್ನಾರ್ಥಕ ಚಿಹ್ನೆ ಕಳಿಸಿದರೆ ದೆವ್ವ ಮಾತಾಡುವುದಿಲ್ಲ. ಹುಡುಗರೇ, ಇದು ಬರೀ ಮರ್ಯಾದೆಯ ಮಾತಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನ ಪ್ರಕಾರ, ಆಸಕ್ತಿಯಿಲ್ಲ ಎಂದು ಮಹಿಳೆ ಸ್ಪಷ್ಟವಾಗಿ ತೋರಿಸಿದ ಮೇಲೂ ಪದೇ ಪದೇ ಸಂಪರ್ಕಿಸುವುದು ಅಪರಾಧ. ಮೊದಲ ಸಲಕ್ಕೇ 3 ವರ್ಷದವರೆಗೆ ಜೈಲಾಗಬಹುದು.

ಹಂತ 6: ಬಿಲ್ಲು

ಹೋಟೆಲಿನ ಗಲ್ಲೆಯ ಮುಂದೆ 'ನಾ ಕೊಡ್ತೀನಿ, ನೀ ಸುಮ್ನಿರು' ಅಂತ ಕೈ ಎಳೆದಾಡುವುದು ನಮ್ಮ ಸಂಪ್ರದಾಯ. ಅಲ್ಲಿ ಬೇಡ. 'ದಿಸ್ ವನ್ ಈಸ್ ಆನ್ ಮಿ', ಅಂದರೆ 'ಈ ಬಿಲ್ಲು ನನ್ನದು', ಎಂದು ಒಮ್ಮೆ ಹೇಳಿ. ಅವರು 'ಲೆಟ್ಸ್ ಸ್ಪ್ಲಿಟ್ ಇಟ್' ಅಂದರೆ ಅರ್ಧ ಕೊಡಲು ಬಿಡಿ. ಸುಮ್ಮನೆ ಒಪ್ಪಿಕೊಂಡರೆ, ಪರ್ಸ್ ಒಳಗಿಡುತ್ತ 'ಯು ಗೆಟ್ ದ ನೆಕ್ಸ್ಟ್ ವನ್', ಅಂದರೆ 'ಮುಂದಿನ ಬಿಲ್ಲು ನಿಮ್ಮದು', ಅನ್ನಿ. ಎರಡನೇ ಭೇಟಿಗೆ ಕರೆದಂತೆಯೂ ಆಯಿತು, 'ವಾಸ್ ವಂಡರಿಂಗ್' ಮತ್ತೊಮ್ಮೆ ಹೇಳುವ ಕಷ್ಟವೂ ತಪ್ಪಿತು.