ತಾಂತ್ರಿಕ ವಿಕಿಗೆ ಬರೆಯುವ ಬಗೆ: ರದ್ದಾದ ತಿದ್ದುಪಡಿಯೊಂದು ಕಲಿಸಿದ್ದು

ತಾಂತ್ರಿಕ ವಿಕಿಯೊಂದರಲ್ಲಿ ನಾನು ಮಾಡಿದ ಮೊದಲ ತಿದ್ದುಪಡಿಯ ಆಯುಸ್ಸು ಕೆಲವೇ ಗಂಟೆಗಳು. ಲಿನಕ್ಸ್ ಯಂತ್ರಕ್ಕೆ ಯುಎಸ್‌ಬಿ ಮೂಲಕ ಜೋಡಿಸಿದ್ದ ಮೈಕ್ರೋಕಂಟ್ರೋಲರ್ ಬೋರ್ಡನ್ನು ಬಳಸಲು ಹೋದಾಗಲೆಲ್ಲ 'ಅನುಮತಿ ಇಲ್ಲ' ಎಂಬ ಉತ್ತರ ಬರುತ್ತಿತ್ತು. ಬೋರ್ಡಿನೊಡನೆ ಮಾತನಾಡುವ ಸೀರಿಯಲ್ ಪೋರ್ಟನ್ನು ಲಿನಕ್ಸ್ ಒಂದು ಕಡತವಾಗಿ ತೋರಿಸುತ್ತದೆ. ಆ ಕಡತದ ಮೇಲೆ ಚ್‌ಮಾಡ್ 777, ಅಂದರೆ ಎಲ್ಲರಿಗೂ ಎಲ್ಲ ಅನುಮತಿ ಕೊಡುವ ಕಮಾಂಡು, ಓಡಿಸಿದೊಡನೆ ಕೆಲಸ ನಡೆಯಿತು. ಅದೇ ಹುರುಪಿನಲ್ಲಿ ಸಂಬಂಧಪಟ್ಟ ಪುಟಕ್ಕೆ ಹೋಗಿ ಅದನ್ನೇ ಪರಿಹಾರವೆಂದು ಬರೆದೆ. ಸಂಜೆ ನೋಡುವಷ್ಟರಲ್ಲಿ ಯಾರೋ ಅದನ್ನು ತೆಗೆದುಹಾಕಿದ್ದರು. ತಿದ್ದುಪಡಿಯ ಕಾರಣ ಬರೆಯುವ ಸಾರಾಂಶದ ಜಾಗದಲ್ಲಿ ಒಂದೇ ಸಾಲಿತ್ತು: ಬೋರ್ಡನ್ನು ಕಳಚಿ ಮತ್ತೆ ಜೋಡಿಸಿ ನೋಡಿ.

ನೋಡಿದೆ. ಮತ್ತೆ ಅದೇ 'ಅನುಮತಿ ಇಲ್ಲ'. ಸಾಧನವನ್ನು ಜೋಡಿಸಿದಾಗಲೆಲ್ಲ ವ್ಯವಸ್ಥೆಯು ಆ ಕಡತವನ್ನು ಹೊಸದಾಗಿ ಸೃಷ್ಟಿಸುವುದರಿಂದ ನಾವು ಕೈಯಾರೆ ಕೊಟ್ಟ ಅನುಮತಿ ಉಳಿಯುವುದಿಲ್ಲ. ಉಳಿದಷ್ಟು ಹೊತ್ತೂ ಅದು ಆ ಯಂತ್ರದ ಎಲ್ಲ ಬಳಕೆದಾರರಿಗೂ ಬಾಗಿಲು ತೆರೆದಿಟ್ಟಿರುತ್ತದೆ. ಆ ಪೋರ್ಟನ್ನು ಬಳಸುವ ಅಧಿಕಾರವಿರುವ ಗುಂಪಿಗೆ, ಅಂದರೆ ಡೆಬಿಯನ್ ಮತ್ತು ಉಬುಂಟು ಎಂಬ ಲಿನಕ್ಸ್ ವಿತರಣೆಗಳಲ್ಲಿ ಡಯಲ್‌ಔಟ್‌ಗೆ, ಆರ್ಚ್ ಲಿನಕ್ಸ್‌ನಲ್ಲಿ ಯುಯುಸಿಪಿಗೆ, ಬಳಕೆದಾರರನ್ನು ಸೇರಿಸುವುದೇ ಸರಿಯಾದ ದಾರಿ. ನನ್ನ ಯಂತ್ರದಲ್ಲಿ ನಡೆಯಿತು ಎಂಬಷ್ಟರಿಂದ ವಿಕಿಯ ಓದುಗರಿಗೆ ಉಪಯೋಗವಿಲ್ಲ. ಏಕೆ ನಡೆಯಿತು, ಎಲ್ಲಿಯವರೆಗೆ ನಡೆಯುತ್ತದೆ ಎಂಬುದನ್ನು ಅವರು ತಾವೇ ಪರೀಕ್ಷಿಸಿಕೊಳ್ಳುವಂತೆ ಬರೆಯಬೇಕು. ಮುಂದೆ ಹೇಳುವುದೆಲ್ಲ ಆ ಸಂಜೆಯಿಂದಲೇ ಹೊರಟದ್ದು.

ಮೊದಲು ನೀವು ತಿದ್ದಲಿರುವ ಪುಟದ ಇತಿಹಾಸವನ್ನೂ ಚರ್ಚೆ ಪುಟವನ್ನೂ ಓದಿ. ನೀವು ಸೇರಿಸಬೇಕೆಂದಿರುವ ಸಾಲನ್ನು ಹಿಂದೆಯೇ ಯಾರೋ ಸೇರಿಸಿ, ಇನ್ಯಾರೋ ಕಾರಣ ಕೊಟ್ಟು ತೆಗೆದಿರುವುದುಂಟು. ನಾನು ಹಾಗೆ ಓದಿದ್ದರೆ, ಅದೇ 777 ಆ ಪುಟದಿಂದ ಅದಾಗಲೇ ಎರಡು ಬಾರಿ ಹೊರಬಿದ್ದಿದ್ದು ತಿಳಿಯುತ್ತಿತ್ತು. ವಾರ್ಡ್ ಕನಿಂಗ್‌ಹ್ಯಾಮ್ 1995ರಲ್ಲಿ ತೆರೆದ ಮೊಟ್ಟಮೊದಲ ವಿಕಿಯೂ ತಂತ್ರಾಂಶ ಬರೆಯುವವರಿಗಾಗಿಯೇ ಇತ್ತು. ಹವಾಯಿ ಭಾಷೆಯಲ್ಲಿ 'ಬೇಗ' ಎಂಬ ಅರ್ಥದ ಪದ ಅದರ ಹೆಸರಾಯಿತು. ಇಂದು ವಿಕಿಪೀಡಿಯವೂ ಅನೇಕ ತಾಂತ್ರಿಕ ವಿಕಿಗಳೂ ಬಳಸುವ ಮೀಡಿಯಾವಿಕಿ ತಂತ್ರಾಂಶವು ಪ್ರತಿ ಆವೃತ್ತಿಯನ್ನೂ ಕಾಪಿಡುವುದರಿಂದ ಅವಸರದ ತಪ್ಪನ್ನು ಹಿಂದಕ್ಕೆ ತಿರುಗಿಸಲು ಒಂದು ಕ್ಲಿಕ್ ಸಾಕು. ಆದರೆ ಆ ನಡುವೆ ಪುಟವನ್ನು ನಂಬಿ ಕಮಾಂಡ್ ಓಡಿಸಿದವರ ಯಂತ್ರವನ್ನು ಹಾಗೆ ತಿರುಗಿಸಲು ಬರುವುದಿಲ್ಲ.

ಆದ್ದರಿಂದ ಕಮಾಂಡುಗಳ ವಿಷಯದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು. ಬೋರ್ಡಿನ ಪುಟಕ್ಕೆ ಎರಡನೆಯ ಬಾರಿ ಬರೆಯುವಾಗ ನಾನು ಬಳಕೆದಾರರ ಖಾತೆಯನ್ನು ಬದಲಿಸುವ ಯೂಸರ್‌ಮಾಡ್ ಕಮಾಂಡಿಗೆ ದೊಡ್ಡ ಅಕ್ಷರದ 'ಜಿ' ಆಯ್ಕೆಯನ್ನಷ್ಟೇ ಕೊಟ್ಟು, ಅದರ ಜತೆಗಿರಬೇಕಾದ ಸಣ್ಣ ಅಕ್ಷರದ 'ಎ'ಯನ್ನು ಮರೆತಿದ್ದೆ. ಆ ಕಮಾಂಡಿನ ಕೈಪಿಡಿಯಾದ ಮ್ಯಾನ್ ಪುಟವನ್ನು ತೆರೆದು ನೋಡಿದಾಗ ಎದೆ ಧಸಕ್ಕೆಂದಿತು. ಆ ಒಂದು ಅಕ್ಷರವಿಲ್ಲದಿದ್ದರೆ ಕಮಾಂಡು ಬಳಕೆದಾರರನ್ನು ಹೊಸ ಗುಂಪಿಗೆ ಸೇರಿಸುವುದರೊಂದಿಗೆ, ಅಲ್ಲಿ ಹೆಸರಿಸದ ಉಳಿದ ಹೆಚ್ಚುವರಿ ಗುಂಪುಗಳಿಂದಲೂ ಹೊರಹಾಕುತ್ತದೆ. ಸುಡೋ ಅಧಿಕಾರ, ಅಂದರೆ ನಿರ್ವಾಹಕರಾಗಿ ಕಮಾಂಡ್ ಓಡಿಸುವ ಅವಕಾಶ, ಅಂಥ ಗುಂಪಿನಿಂದಲೇ ಬಂದಿದ್ದರೆ, ಮುಂದಿನ ಲಾಗಿನ್‌ನಲ್ಲಿ ಅದೂ ಇರುವುದಿಲ್ಲ. ಅಂದಿನಿಂದ ನನ್ನದೊಂದು ಪದ್ಧತಿ: ಬರೆದದ್ದನ್ನು ಉಳಿಸುವ ಮೊದಲು ಮುನ್ನೋಟವನ್ನು ತೆರೆದು, ಅಲ್ಲಿ ಕಾಣುವ ಕಮಾಂಡನ್ನೇ ನಕಲಿಸಿ, ಹೊಸದಾಗಿ ಸ್ಥಾಪಿಸಿದ ವರ್ಚುವಲ್ ಯಂತ್ರವೊಂದರಲ್ಲಿ ಓಡಿಸುತ್ತೇನೆ. ನೆನಪಿನಿಂದ ಟೈಪ್ ಮಾಡಿದರೆ ಬೆರಳುಗಳು ತಾವಾಗಿಯೇ ಸರಿಯಾದದ್ದನ್ನು ಒತ್ತಿಬಿಡುತ್ತವೆ, ಪುಟದಲ್ಲಿರುವ ತಪ್ಪು ಪುಟದಲ್ಲೇ ಉಳಿಯುತ್ತದೆ. ಹಾಗೆ ಓಡಿಸಿದಾಗಲೇ ಇನ್ನೊಂದು ಕೊರತೆಯೂ ಕಂಡಿತು. ಗುಂಪಿಗೆ ಸೇರಿಸಿದ ಮೇಲೆ ಲಾಗ್‌ಔಟ್ ಆಗಿ ಮರಳಿ ಲಾಗಿನ್ ಆಗದ ಹೊರತು ಬದಲಾವಣೆ ಜಾರಿಗೆ ಬರುವುದಿಲ್ಲ. ಅದನ್ನು ಬರೆಯದಿದ್ದರೆ ಓದುಗರು ಎಲ್ಲವನ್ನೂ ಸರಿಯಾಗಿ ಮಾಡಿಯೂ ಕೆಟ್ಟಿದೆ ಎಂದುಕೊಳ್ಳುತ್ತಾರೆ.

ಸಾಮಾನ್ಯ ಬಳಕೆದಾರರು ಓಡಿಸಬೇಕಾದ ಕಮಾಂಡಿನ ಮುಂದೆ ಡಾಲರ್ ಚಿಹ್ನೆ, ರೂಟ್ ಎಂಬ ಪೂರ್ಣ ನಿರ್ವಾಹಕ ಅಧಿಕಾರ ಬೇಕಾದುದರ ಮುಂದೆ ಹ್ಯಾಶ್ ಚಿಹ್ನೆ ಇಡುವುದು ಅನೇಕ ವಿಕಿಗಳ ರೂಢಿ. ನಿಮ್ಮ ಹೆಸರು, ನಿಮ್ಮ ಡಿಸ್ಕಿನ ಗುರುತು ಇವುಗಳ ಜಾಗದಲ್ಲಿ ಓದುಗರು ತಮ್ಮದನ್ನು ತುಂಬಬೇಕೆಂದು ಎದ್ದು ಕಾಣುವಂತೆ ತೋರಿಸಿ.

'ಈಗ', 'ಇತ್ತೀಚೆಗೆ', 'ಹೊಸ ಆವೃತ್ತಿಯಲ್ಲಿ' ಎಂಬ ಮಾತುಗಳನ್ನು ನಾನು ಕಂಡಲ್ಲಿ ಅಳಿಸುತ್ತೇನೆ. ಹತ್ತು ವರ್ಷಗಳ ಹಿಂದೆ ಬರೆದ 'ಈಗ' ಇಂದಿಗೂ ಈಗಲೆಂದೇ ಓದಿಸಿಕೊಳ್ಳುತ್ತದೆ. ಆವೃತ್ತಿಯ ಸಂಖ್ಯೆಯನ್ನು ಬರೆದರೆ ಓದುಗರು ತಮ್ಮಲ್ಲಿರುವುದರೊಡನೆ ಹೋಲಿಸಿ ನೋಡಬಹುದು. ಆರ್ಚ್ ಲಿನಕ್ಸ್ 2012ರಲ್ಲಿ, ಯಂತ್ರ ಶುರುವಾಗುವಾಗ ಸೇವೆಗಳನ್ನು ಆರಂಭಿಸುವ ಸಿಸ್ಟಮ್‌ಡಿಗೆ ಬದಲಾದಾಗ, ಆರ್‌ಸಿ.ಕಾನ್ಫ್ ಎಂಬ ಒಂದೇ ಕಡತದಲ್ಲಿ ಇದನ್ನು ಬರೆಯಿರಿ, ಅದನ್ನು ಬರೆಯಿರಿ ಎಂದು ಹೇಳುತ್ತಿದ್ದ ಸೂಚನೆಗಳೆಲ್ಲ ಹಳತಾದವು. ಜಾಲಸಂಪರ್ಕವನ್ನು ಹೊಂದಿಸುವ ಹಳೆಯ ಕಮಾಂಡಾದ ಇಫ್‌ಕಾನ್ಫಿಗ್‌ನ ಕಥೆಯೂ ಅಷ್ಟೇ: ಅದರ ಕೆಲಸವನ್ನು ಐಪಿ ಎಂಬ ಕಮಾಂಡು ವಹಿಸಿಕೊಂಡಿದೆ, ಎಷ್ಟೋ ವಿತರಣೆಗಳಲ್ಲಿ ಹಳೆಯದು ಮೊದಲಿನಿಂದ ಸ್ಥಾಪಿತವಾಗಿಯೂ ಇರುವುದಿಲ್ಲ, ಆದರೂ ಅದನ್ನೇ ಓಡಿಸಿ ಎನ್ನುವ ಪುಟಗಳು ಸಿಗುತ್ತಲೇ ಇರುತ್ತವೆ. ಹೊಸ ಪುಟ ಬರೆಯುವ ಆಸೆಯನ್ನು ತುಸು ತಡೆದು ಇಂಥವನ್ನು ತಿದ್ದುವುದರಿಂದ ಆರಂಭಿಸಿದರೆ, ಅಲ್ಲಿನ ಶೈಲಿಯೂ ಕೈಗೆ ಹತ್ತುತ್ತದೆ.

ಆಧಾರವಾಗಿ ಮ್ಯಾನ್ ಪುಟವನ್ನೋ ತಂತ್ರಾಂಶದ ಅಧಿಕೃತ ದಾಖಲೆಯನ್ನೋ ಕೊಡಿ. ಬೇರೆಡೆಯ ಪಠ್ಯವನ್ನು ಅಂಟಿಸಬೇಡಿ. ವಿಕಿಪೀಡಿಯದ ಪರವಾನಗಿ ಕ್ರಿಯೇಟಿವ್ ಕಾಮನ್ಸ್‌ನದು, ಆರ್ಚ್ ವಿಕಿಯದು ಗ್ನೂ ದಾಖಲಾತಿ ಪರವಾನಗಿ, ಹೀಗಾಗಿ ಮುಕ್ತ ತಾಣಗಳ ನಡುವೆಯೂ ನಕಲು ಮಾಡುವುದು ಸಲೀಸಲ್ಲ. ಚಾಟ್‌ಬಾಟ್ ಕೊಟ್ಟ ಉತ್ತರವನ್ನು ಓಡಿಸಿ ನೋಡದೆ ತಂದು ಹಾಕುವವರ ಬಗ್ಗೆ ನನಗೆ ಸಹನೆ ಕಡಿಮೆ.

ಉಳಿಸುವಾಗ ಸಾರಾಂಶದ ಜಾಗವನ್ನು ಖಾಲಿ ಬಿಡಬೇಡಿ. ಆರ್ಚ್ ವಿಕಿಯು ಬರೆಯುವವರ ಮುಂದೆ ಮೂರು ಮೂಲ ನಿಯಮಗಳನ್ನು ಇಟ್ಟಿದೆ: ಪ್ರತಿ ಬದಲಾವಣೆಗೂ ಸಾರಾಂಶದಲ್ಲಿ ವಿವರಣೆ ಕೊಡಬೇಕು, ಹಲವು ಬಗೆಯ ತಿದ್ದುಪಡಿಗಳನ್ನು ಒಂದೇ ಏಟಿಗೆ ಮಾಡಬಾರದು, ದೊಡ್ಡ ಮರುಬರಹವಿದ್ದರೆ ಚರ್ಚೆ ಪುಟದಲ್ಲಿ ಮುಂಚೆಯೇ ತಿಳಿಸಬೇಕು. ಎರಡನೆಯದರ ಬೆಲೆ ನನಗೆ ತಡವಾಗಿ ತಿಳಿಯಿತು. ಕಾಗುಣಿತ ತಿದ್ದಿ, ವಿಭಾಗಗಳ ಕ್ರಮ ಬದಲಿಸಿ, ನಡುವೆ ಒಂದು ಕಮಾಂಡನ್ನೂ ಬದಲಿಸಿ ಒಮ್ಮೆಗೇ ಉಳಿಸಿದರೆ, ವ್ಯತ್ಯಾಸ ತೋರಿಸುವ ಪುಟವು ಮೇಲಿನಿಂದ ಕೆಳಗಿನವರೆಗೆ ಬಣ್ಣ ಬಳಿದಂತಾಗಿ, ಮುಖ್ಯವಾದ ಬದಲಾವಣೆ ಅದರಲ್ಲಿ ಹೂತುಹೋಗುತ್ತದೆ. ಪರಿಶೀಲಿಸುವವರು ಬೇಸತ್ತು ಇಡೀ ತಿದ್ದುಪಡಿಯನ್ನೇ ರದ್ದುಗೊಳಿಸಿದರೆ ಅವರನ್ನು ದೂರುವಂತಿಲ್ಲ.

ರದ್ದಾದಾಗ ಅದನ್ನೇ ಮತ್ತೆ ಹಾಕಲು ಹೋಗಬೇಡಿ. ಇಂಗ್ಲಿಷ್ ವಿಕಿಪೀಡಿಯದಲ್ಲಂತೂ 24 ಗಂಟೆಗಳೊಳಗೆ ಒಂದೇ ಪುಟದಲ್ಲಿ ಮೂರಕ್ಕಿಂತ ಹೆಚ್ಚು ಬಾರಿ ಹೀಗೆ ಹಿಂತಿರುಗಿಸುವುದು ನಿಯಮಭಂಗ. ಚರ್ಚೆ ಪುಟಕ್ಕೆ ಹೋಗಿ, ಯಾವ ಆವೃತ್ತಿಯಲ್ಲಿ ಏನು ಓಡಿಸಿದಿರಿ, ಏನು ಬಂತು ಎಂಬುದನ್ನು ಬರೆದು, ಕೊನೆಯಲ್ಲಿ ನಾಲ್ಕು ಟಿಲ್ಡೆ ಚಿಹ್ನೆಗಳನ್ನು (~~~~) ಹಾಕಿ. ಮೀಡಿಯಾವಿಕಿ ಅದನ್ನು ನಿಮ್ಮ ಸಹಿಯಾಗಿ, ದಿನಾಂಕದೊಡನೆ, ಬದಲಿಸಿಕೊಳ್ಳುತ್ತದೆ. ಕೆಲವೊಮ್ಮೆ ಉತ್ತರ ವಾರಗಟ್ಟಲೆ ಬರುವುದಿಲ್ಲ. ಅಲ್ಲಿ ಕುಳಿತವರೂ ಬಿಡುವಿನ ವೇಳೆಯಲ್ಲಿ ಈ ಕೆಲಸ ಮಾಡುವವರೇ.

ಕೊನೆಯದಾಗಿ, ತಿದ್ದಿದ ಪುಟವನ್ನು ನಿಮ್ಮ ವೀಕ್ಷಣಾಪಟ್ಟಿಗೆ ಸೇರಿಸಿ, ಆಗಾಗ ವ್ಯತ್ಯಾಸಗಳನ್ನು ಓದುತ್ತಿರಿ. ಬೋರ್ಡಿನ ಆ ಪುಟದಲ್ಲಿ ನನ್ನ ಸಾಲುಗಳ ಪೈಕಿ ಈಗ ಉಳಿದಿರುವುದು ಲಾಗ್‌ಔಟ್ ಆಗಿ ಮರಳಿ ಬರಬೇಕೆಂಬ ಒಂದೇ ವಾಕ್ಯ. ಉಳಿದದ್ದನ್ನು ಬೇರೆ ಯಾರೋ ನನಗಿಂತ ಚಿಕ್ಕದಾಗಿ, ಚೊಕ್ಕವಾಗಿ ಬರೆದಿದ್ದಾರೆ.