ಕೋವಿಡ್ ಲಸಿಕೆಯ ಎರಡು ಡೋಸ್ ಆದವರನ್ನು ಕೆಲಸಕ್ಕೆ ಕರೆಸುವುದು ಹೇಗೆ?

2021ರ ಜೂನ್ 14ಕ್ಕೆ ರಾಜ್ಯದ ಬಹಳಷ್ಟು ಕಡೆ ಲಾಕ್‌ಡೌನ್ ಸಡಿಲವಾಯಿತು. ಮೈಸೂರು, ಮಂಡ್ಯ ಸೇರಿ 11 ಜಿಲ್ಲೆಗಳು ಇನ್ನೂ ಕಾಯಬೇಕಾಯಿತು. ಆಗ ಮೈಸೂರಿನ ಹೆಬ್ಬಾಳ, ಮೇಟಗಳ್ಳಿ ಕಡೆಯ ಸಣ್ಣ ಕಾರ್ಖಾನೆಯವರು ‘ಲಸಿಕೆ ಆಗಿದೆಯಲ್ಲ, ಎಲ್ಲರನ್ನೂ ಕರೆಸೋಣ’ ಅನ್ನತೊಡಗಿದರು. ಅವರಿಗೆ ಹೇಳಿದ್ದು ಇದು: ಕರೆಸಿ. ಆದರೆ ಲಸಿಕೆ ಕಾಯಿಲೆ ಜೋರಾಗದಂತೆ ಕಾಯುತ್ತದೆ, ಸೋಂಕು ಹತ್ತುವುದನ್ನೂ ಹರಡುವುದನ್ನೂ ಪೂರ್ತಿ ತಡೆಯುವುದಿಲ್ಲ.

ಮೊದಲು ಸರ್ಟಿಫಿಕೇಟ್ ನೋಡಿ. ಒಂದೇ ಡೋಸ್ ಆದವರಿಗೂ ಅದು ಸಿಗುತ್ತದೆ, ಅವಸರದಲ್ಲಿ ಕಣ್ತಪ್ಪುವುದು ಸಹಜ. ಎರಡನೇ ಡೋಸ್‌ನ ತಾರೀಖಿಗೆ, ಲಸಿಕೆ ಪೂರ್ತಿ ಕೆಲಸ ಮಾಡಲು ಬೇಕಾದ 14 ದಿನ ಕೂಡಿಸಿ ರಿಜಿಸ್ಟರಿನಲ್ಲಿ ಬರೆದುಕೊಳ್ಳಿ. ಕೋವಿಶೀಲ್ಡ್‌ಗೆ ಎರಡು ಡೋಸ್ ನಡುವೆ 2021ರಲ್ಲಿ 84 ದಿನ, ಕೋವ್ಯಾಕ್ಸಿನ್‌ಗೆ 28 ದಿನ ಕಾಯಬೇಕಿತ್ತು, ಹಾಗಾಗಿ ಒಂದೇ ದಿನ ಮೊದಲ ಡೋಸ್ ಹಾಕಿಸಿಕೊಂಡ ಇಬ್ಬರು ಒಟ್ಟಿಗೇ ತಯಾರಾಗುತ್ತಿರಲಿಲ್ಲ. ಅನುಮಾನ ಬಂದರೆ ಸರ್ಕಾರದ ಲಸಿಕೆ ನೋಂದಣಿಯ ಕೋವಿನ್ ವೆಬ್‌ಸೈಟಿನಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ.

ಇನ್ನೂ ಹಾಕಿಸಿಕೊಳ್ಳದವರನ್ನು ಎಲ್ಲರೆದುರು ಗದರಬೇಡಿ. ಮರುದಿನ ಜ್ವರ, ಮೈಕೈ ನೋವು ಬಂದರೆ ಸಂಬಳ ಕಟ್ ಆಗುತ್ತಲ್ಲ ಅನ್ನೋ ಭಯ ಅವರಿಗಿರಬಹುದು. ಲಸಿಕೆಯ ದಿನಕ್ಕೂ ಮರುದಿನಕ್ಕೂ ಸಂಬಳದ ರಜೆ ಕೊಟ್ಟು ನೋಡಿ.

ಇನ್ನು ಗಾಳಿ. ಟೇಬಲ್, ಬಾಗಿಲ ಹಿಡಿಯನ್ನು ದಿನಕ್ಕೆ ಹತ್ತು ಸಲ ಒರೆಸಿ ಕಿಟಕಿ ಮುಚ್ಚಿಕೊಂಡು ಕೂತರೆ ಏನೂ ಉಪಯೋಗವಿಲ್ಲ, ಯಾಕಂದ್ರೆ ಈ ವೈರಸ್ ಮುಖ್ಯವಾಗಿ ಹರಡುವುದು ಗಾಳಿಯಲ್ಲೇ. ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಿರುಗಿಸಿ ತಣ್ಣಗೆ ಮಾಡುತ್ತದೆ, ಹೊರಗಿನ ಗಾಳಿ ತರುವುದಿಲ್ಲ. ಎದುರುಬದುರು ಕಿಟಕಿ ತೆಗೆಯಿರಿ, ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿಸಿ. ಖರ್ಚು ಜಾಸ್ತಿಯೇನಿಲ್ಲ.

ನಿಜವಾದ ಅಪಾಯ ಕ್ಯಾಂಟೀನಿನಲ್ಲಿದೆ. ಒಂದು ಗಂಟೆಗೆ ಬೆಲ್ ಆದ ತಕ್ಷಣ ಎಲ್ಲರೂ ನಲ್ಲಿ ಹತ್ತಿರ ಸೇರುತ್ತಾರೆ, ಮಾಸ್ಕ್ ಗದ್ದಕ್ಕೆ ಇಳಿಯುತ್ತದೆ, ಎದುರುಬದುರು ಕೂತು ಮುದ್ದೆ ಮುರಿಯುತ್ತಾ ಮನೆ ಕಡೆ ಸುದ್ದಿ ಮಾತಾಡುತ್ತಾರೆ. ಬೆಳಗ್ಗೆಯಿಂದ ಮಾಡಿದ ಎಚ್ಚರಿಕೆಯೆಲ್ಲಾ ಆ ಅರ್ಧ ಗಂಟೆಯಲ್ಲಿ ನೀರಲ್ಲಿ ಹೋಮ ಮಾಡಿದ ಹಾಗೆ. ಊಟವನ್ನು ಮೂರು ಬ್ಯಾಚ್ ಮಾಡಿ, ಒಂದು ಬ್ಯಾಚಿನವರು ಯಾವಾಗಲೂ ಅವರೇ ಇರಲಿ. ಜಾಗ ಇದ್ದರೆ ಹೊರಗೆ ಮರದಡಿ ಬೆಂಚ್ ಹಾಕಿಸಿ. ಶ್ರೀರಂಗಪಟ್ಟಣ, ನಂಜನಗೂಡಿನಿಂದ ಕಂಪನಿ ಬಸ್ಸಿನಲ್ಲಿ ಬರುವವರಿಗೂ ಇದೇ ಲೆಕ್ಕ: ಕಿಟಕಿ ತೆರೆದಿರಲಿ, ಮಾಸ್ಕ್ ಇರಲಿ.

ಗೇಟಿನಲ್ಲಿ ಹಣೆಗೆ ಹಿಡಿಯುವ ಥರ್ಮಾಮೀಟರ್ ಇರಲಿ, ಅದನ್ನೇ ನಂಬಬೇಡಿ. ಪ್ಯಾರಾಸಿಟಮಾಲ್ ನುಂಗಿ ಬಂದವರಲ್ಲಿ ಅದು ಏನನ್ನೂ ತೋರಿಸಲ್ಲ. ಯಾಕೆ ನುಂಗಿ ಬರ್ತಾರೆ? ರಜೆ ಹಾಕಿದರೆ ಸಂಬಳ ಇಲ್ಲ, ಅದಕ್ಕೆ. ‘ನೆಗಡಿ, ಜ್ವರ ಇದ್ದರೆ ಬರಬೇಡಿ, ಸಂಬಳ ಕಡಿಯಲ್ಲ’ ಅಂತ ಮಾಲೀಕರೇ ಬರೆದು ಸಹಿ ಹಾಕಿ ನೋಟಿಸ್ ಬೋರ್ಡಿಗೆ ಅಂಟಿಸಬೇಕು. ಬಾಯಿಮಾತು ಸಾಲದು.

2021ರ ನಿಯಮದಂತೆ ಪಾಸಿಟಿವ್ ಬಂದವರು ಲಕ್ಷಣ ಶುರುವಾದಾಗಿನಿಂದ 10 ದಿನ ಮನೆಯಲ್ಲಿರಬೇಕಿತ್ತು, ಕೊನೆಯ 3 ದಿನ ಜ್ವರ ಇರಬಾರದಿತ್ತು. ಜೊತೆ ಊಟ ಮಾಡಿದವರಿಗೆ ಟೆಸ್ಟ್ ಮಾಡಿಸಿ, ಊಟದ ಬ್ಯಾಚ್‌ಗಳ ಹೆಸರಿನ ಪಟ್ಟಿ ಇದ್ದರೆ ಆಗ ಉಪಯೋಗಕ್ಕೆ ಬರುತ್ತದೆ. ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಇರುವವರಿಗೆ ಕಾಯಿಲೆ ರಜೆಗೆ ಸಂಬಳದ ಶೇ 70ರಷ್ಟು, ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ, ಉಳಿದದ್ದನ್ನು ನೀವು ತುಂಬಿ. ಯಾರ ಹೆಸರು ಇಎಸ್‌ಐನಲ್ಲಿ ಇದೆ, ಯಾರದ್ದು ಇಲ್ಲ ಅನ್ನುವುದನ್ನು ಗೇಟ್ ತೆಗೆಯುವ ಮೊದಲೇ ನೋಡಿಕೊಳ್ಳಿ.